ಅತೀಂದ್ರಿಯದ ನಂಬಿಕೆ: ಶ್ರದ್ಧೆಯೋ, ಭೀತಿಯೋ?

ಕಣ್ಣಿಗೆ ಕಾಣದುದೆಲ್ಲ ಇಲ್ಲವೇ ಇಲ್ಲವೆಂದು ವಾದಿಸುವುದು ಚಾರ್ವಾಕರ ಮತ. ಕಿವಿಗೆ ಬಿದ್ದುದೆಲ್ಲ ಇದ್ದೇ ಇದೆಯೆಂದು ಒಪ್ಪಿಬಿಡುವುದು ಯಾವ ಆಸ್ತಿಕ ದರ್ಶನದ ಮತವೂ ಅಲ್ಲ. ಆದರೂ ಮೊದಲನೆಯದನ್ನು ತಿರಸ್ಕರಿಸುವ ಉತ್ಸಾಹದಲ್ಲಿ ನಮ್ಮಲ್ಲಿ ಅನೇಕರು ಎರಡನೆಯದಕ್ಕೆ ತಲೆಬಾಗುತ್ತೇವೆ. ದೆವ್ವ ಹಿಡಿಯಿತು, ಗಾಳಿ ಸೋಕಿತು, ಯಾರೋ ಮಾಟ ಮಾಡಿಸಿದರು, ತೀರಿಕೊಂಡವರು ಮೈಮೇಲೆ ಬಂದು ಮಾತನಾಡಿದರು ಎಂಬ ಮಾತುಗಳು ಊರನ್ನು ಬಿಟ್ಟು ನಗರಕ್ಕೆ ಬಂದ ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತವೆ. ಪ್ರಶ್ನಿಸಿದವರಿಗೆ ಸಿಗುವ ಉತ್ತರ ಒಂದೇ: “ಇದ್ದರೂ ಇರಬಹುದು. ನಂಬಿದರೆ ನಮ್ಮ ಗಂಟೇನು ಹೋಗುತ್ತದೆ?”

ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ನಿಜಕ್ಕೂ ಗಂಟು ಹೋಗುತ್ತದೆಯೇ, ಹೋಗುವುದಾದರೆ ಯಾರ ಗಂಟು ಹೋಗುತ್ತದೆ ಎಂಬುದನ್ನು ನಡೆದುಹೋದ ಸಂಗತಿಗಳಿಂದಲೇ ವಿಚಾರಿಸೋಣ. ಇವೆಲ್ಲವೂ ನಾವು ವಾಸಿಸುವ ನಗರಗಳಲ್ಲಿಯೋ ಅವುಗಳಿರುವ ರಾಜ್ಯಗಳಲ್ಲಿಯೋ ನಡೆದವು.

1995ರ ಸೆಪ್ಟೆಂಬರ್ 21ರಂದು ದೆಹಲಿಯಲ್ಲಿ ಗಣಪತಿಯ ವಿಗ್ರಹ ಹಾಲು ಕುಡಿಯುತ್ತಿದೆಯೆಂಬ ಸುದ್ದಿ ಹರಡಿ, ಸಂಜೆಯೊಳಗೆ ದೇಶದ ಮೂಲೆಮೂಲೆಗಳಲ್ಲಿ ದೇವಾಲಯಗಳ ಮುಂದೆ ಸಾಲು ನಿಂತಿತು. ಚಮಚೆಯ ಅಂಚು ಕಲ್ಲಿಗೆ ತಾಗಿದಾಗ ದ್ರವದ ಮೇಲ್ಮೈ ಸೆಳೆತದಿಂದ ಹಾಲು ಹೊರಬಂದು ತೆಳುವಾದ ಪದರವಾಗಿ ವಿಗ್ರಹದ ಮೈಮೇಲೆ ಇಳಿಯುತ್ತದೆಯೆಂದು ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿಕೊಟ್ಟರು. ಅಂದು ಹೋದದ್ದು ಹಾಲು ಮಾತ್ರ. 2006ರ ಆಗಸ್ಟಿನಲ್ಲಿ ಮುಂಬಯಿಯ ಮಾಹೀಮ್ ಕಡಲ ದಂಡೆಯಲ್ಲಿ ಸಮುದ್ರದ ನೀರು ಸಿಹಿಯಾಗಿದೆಯೆಂದು ಜನ ಬಾಟಲಿಗಳಲ್ಲಿ ತುಂಬಿಕೊಂಡರು, ಮಕ್ಕಳಿಗೂ ಕುಡಿಸಿದರು. ಮಳೆಗಾಲದ ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಮೇಲೆ ನಿಲ್ಲುತ್ತದೆ; ಆದರೆ ಆ ನೀರು ನಗರದ ಕೊಳಕನ್ನೆಲ್ಲ ಹೊತ್ತು ತರುವ ಮೀಠಿ ನದಿಯ ಮುಖದ್ದು. ಕುಡಿಯಬೇಡಿರೆಂದು ಅಧಿಕಾರಿಗಳು ಸಾರಿ ಹೇಳಬೇಕಾಯಿತು. ಇಲ್ಲಿ ಪಣಕ್ಕೆ ಬಿದ್ದದ್ದು ಆರೋಗ್ಯ.

2001ರ ಮೇ ತಿಂಗಳಲ್ಲಿ ದೆಹಲಿಯ ಪೂರ್ವಭಾಗದಲ್ಲಿ ‘ಕಾಲಾ ಬಂದರ್’ ಎಂಬ ವಿಚಿತ್ರ ಜೀವಿ ರಾತ್ರಿ ಬಂದು ಪರಚುತ್ತದೆಯೆಂಬ ಭೀತಿ ಹಬ್ಬಿತು. ಬೇಸಿಗೆಯ ಸೆಕೆಗೆ ಮಾಳಿಗೆಯ ಮೇಲೆ ಮಲಗಿದ್ದವರಲ್ಲಿ ಗಾಬರಿಯಿಂದ ಓಡಿ ಬಿದ್ದು ಪ್ರಾಣ ಕಳೆದುಕೊಂಡವರೂ ಉಂಟು. ತನಿಖೆಯಲ್ಲಿ ಅಂಥ ಯಾವ ಜೀವಿಯ ಕುರುಹೂ ಸಿಗಲಿಲ್ಲ. ಇದು ಸಾಮೂಹಿಕ ಭ್ರಾಂತಿಯೆಂದು ಮನೋವೈದ್ಯರು ತೀರ್ಮಾನಿಸಿದರು. ಇಲ್ಲದ ಜೀವಿ ಯಾರನ್ನೂ ಕೊಲ್ಲಲಿಲ್ಲ. ಅದರ ಭಯ ಕೊಂದಿತು.

ಅದೇ ವರ್ಷ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಎರವಾಡಿಯಲ್ಲಿ ಮಾನಸಿಕ ರೋಗಿಗಳನ್ನಿರಿಸಿದ್ದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿದ್ದಿತು. 28 ಮಂದಿ ಸುಟ್ಟು ಸತ್ತರು. ಅವರಲ್ಲಿ ಹೆಚ್ಚಿನವರು ಓಡಲಾರದೆ ಹೋದದ್ದು ಕಾಲಿಗೆ ಸರಪಣಿ ಬಿಗಿದಿದ್ದುದರಿಂದ. ಅವರನ್ನು ಅಲ್ಲಿಗೆ ಕರೆತಂದವರು ಶತ್ರುಗಳಲ್ಲ. ತಂದೆ, ತಾಯಿ, ಗಂಡ, ಅಣ್ಣಂದಿರು. ದುಷ್ಟಶಕ್ತಿ ಸೋಕಿದೆ, ಪುಣ್ಯಸ್ಥಳದ ಸಾನ್ನಿಧ್ಯದಿಂದ ಬಿಡುಗಡೆಯಾಗುತ್ತದೆ ಎಂಬ ನಂಬಿಕೆಯಿಂದ ಎಲ್ಲ ಮತದವರೂ ಬಂದು ಬಿಟ್ಟುಹೋಗಿದ್ದರು. ಪ್ರೀತಿ ಅವರಲ್ಲಿ ಇರಲಿಲ್ಲವೆನ್ನಲಾಗದು. ಆದರೆ ರೋಗದ ಹೆಸರು ತಪ್ಪಿದಾಗ ಪ್ರೀತಿಯೂ ಸರಪಣಿಯಾಯಿತು.

2018ರ ಜುಲೈ 1ರಂದು ದೆಹಲಿಯ ಬುರಾರಿಯಲ್ಲಿ ಒಂದೇ ಮನೆಯ ಮೂರು ತಲೆಮಾರಿನ 11 ಮಂದಿ ಮೃತರಾಗಿ ಕಂಡುಬಂದುದನ್ನು ನಾವು ಮರೆತಿಲ್ಲ. ಅವರು ಓದುಬರಹ ಬಲ್ಲವರು, ದುಡಿದು ಬದುಕುವವರು, ನೆರೆಯವರ ಮೆಚ್ಚಿಗೆಗೆ ಪಾತ್ರರಾದವರು. ಕೆಲವೇ ದಿನಗಳ ಹಿಂದೆ ಆ ಮನೆಯಲ್ಲಿ ಒಂದು ಹೆಣ್ಣುಮಗಳ ನಿಶ್ಚಿತಾರ್ಥ ನಡೆದಿತ್ತು. ತೀರಿಕೊಂಡ ಮನೆಯ ಹಿರಿಯರು ಒಬ್ಬ ಮಗನ ಮೂಲಕ ಆದೇಶ ಕೊಡುತ್ತಾರೆಂದು ನಂಬಿ, ಆ ಆದೇಶಗಳನ್ನು ವರ್ಷಗಟ್ಟಲೆ ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ಅವರಿಗೆ ಸಾಯುವ ಉದ್ದೇಶವಿರಲಿಲ್ಲ, ವಿಧಿಯ ಕೊನೆಯಲ್ಲಿ ತಾವು ರಕ್ಷಿತರಾಗುತ್ತೇವೆಂದೇ ತಿಳಿದಿದ್ದರೆಂಬುದು ತಜ್ಞರ ನಿರ್ಣಯ. ಮೊದಲ ವರ್ಷಗಳ ಬರಹಗಳಲ್ಲಿ ಇದ್ದದ್ದು ಮನೆಯ ಶಿಸ್ತು, ಪ್ರಾರ್ಥನೆ, ವ್ಯಾಪಾರದ ಸಲಹೆಗಳಂಥ ಸಾಧಾರಣ ವಿಷಯಗಳು. ನಂಬಿದರೆ ನಷ್ಟವೇನು ಎಂದು ಆಗ ಯಾರಾದರೂ ಕೇಳಿದ್ದರೆ, ಏನೂ ಇಲ್ಲವೆಂದೇ ತೋರುತ್ತಿತ್ತು.

ಪ್ರಶ್ನಿಸದೆ ಒಪ್ಪಿಕೊಳ್ಳುವ ಅಭ್ಯಾಸ ಹಾಲಿನಿಂದ ಆರಂಭವಾದರೂ ಹಾಲಿಗೇ ನಿಲ್ಲಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಈ ಸಂಗತಿಗಳೇ ಸಾಕ್ಷಿ.

ಪೂರ್ವಪಕ್ಷ

ನಮ್ಮ ಶಾಸ್ತ್ರಗಳ ಪದ್ಧತಿಯಂತೆ ಎದುರು ಮಾತುಗಳನ್ನೂ ಕೇಳೋಣ.

ಮೊದಲನೆಯ ಆಕ್ಷೇಪ: “ಪ್ರೇತ, ಪಿಶಾಚಗಳ ಮಾತು ಪುರಾಣಗಳಲ್ಲಿಯೇ ಇದೆ. ಅದನ್ನು ಅಲ್ಲಗಳೆದರೆ ನಾಳೆ ದೇವರನ್ನೂ ಅಲ್ಲಗಳೆಯಬೇಕಾದೀತು.” ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಅಂಥ ಯೋನಿಗಳು ಸೃಷ್ಟಿಯಲ್ಲಿ ಇವೆಯೇ ಎಂಬುದು ಒಂದು. ನಮ್ಮ ಮಗಳ ಇಂದಿನ ವರ್ತನೆಗೆ ಅದೇ ಕಾರಣವೇ ಎಂಬುದು ಇನ್ನೊಂದು. ಲೋಕದಲ್ಲಿ ಕಳ್ಳರಿದ್ದಾರೆಂಬುದು ನಿರ್ವಿವಾದ. ಅಷ್ಟರಿಂದ, ಮನೆಯಲ್ಲಿ ಉಂಗುರ ಕಾಣೆಯಾದಾಗ ಕೆಲಸದಾಕೆಯೇ ಕದ್ದಳೆಂದು ಸಿದ್ಧವಾಗುವುದಿಲ್ಲ. ಕಪಾಟು ಹುಡುಕದೆ, ಬಚ್ಚಲು ನೋಡದೆ ಅವಳ ಮೇಲೆ ಅಪವಾದ ಹೊರಿಸಿದರೆ ಅದು ಪಾಪ. ಹಾಗೆಯೇ ಕಾಣುವ ಕಾರಣಗಳನ್ನು ಹುಡುಕದೆ ಕಾಣದ ಕಾರಣವನ್ನು ಆರೋಪಿಸುವುದು ಆಸ್ತಿಕತೆಯ ಲಕ್ಷಣವಲ್ಲ, ಆಲಸ್ಯದ ಲಕ್ಷಣ. ಶಾಸ್ತ್ರದ ಮೇಲಿನ ಗೌರವಕ್ಕೂ ಈ ನಿರ್ದಿಷ್ಟ ಆರೋಪಕ್ಕೂ ಸಂಬಂಧವಿಲ್ಲ.

ಎರಡನೆಯ ಆಕ್ಷೇಪ: “ಮಂತ್ರದಿಂದ, ತಾಯಿತದಿಂದ ಗುಣವಾದವರನ್ನು ನಾವೇ ಕಂಡಿದ್ದೇವೆ.” ಹಾವಿನ ಕಡಿತವನ್ನೇ ತೆಗೆದುಕೊಳ್ಳೋಣ. ನಮ್ಮ ದೇಶದ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷವನ್ನು ಇಳಿಸದೆ ಬರಿದೇ ಕಚ್ಚುತ್ತದೆ. ಹೀಗಿರುವಲ್ಲಿ ಏನನ್ನೂ ಮಾಡದೆ ಸುಮ್ಮನೆ ಕುಳಿತವನ ಬಳಿಗೆ ಹೋದವರಲ್ಲಿಯೂ ಬಹುಮಂದಿ ಬದುಕುತ್ತಾರೆ. ಬದುಕಿದವರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಸತ್ತವರು ಬಂದು ದೂರುವುದಿಲ್ಲ. ನಿಜವಾಗಿ ವಿಷವೇರಿದವನಿಗಾದರೋ ಬೇಕಾದುದು ಪ್ರತಿವಿಷ, ಅದು ಆಸ್ಪತ್ರೆಯಲ್ಲಿದೆ. ಹಾವಿನ ಕಡಿತದಿಂದ ಭಾರತದಲ್ಲಿ ಪ್ರತಿವರ್ಷ ಸರಾಸರಿ ಸುಮಾರು 58,000 ಮಂದಿ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಇವರಲ್ಲಿ ಎಷ್ಟೋ ಮಂದಿಗೆ ಮೊದಲ ಒಂದೆರಡು ಗಂಟೆಗಳೇ ಜೀವವನ್ನು ಉಳಿಸುವ ಗಂಟೆಗಳು. ಆ ಗಂಟೆಗಳನ್ನು ನುಂಗುವ ನಂಬಿಕೆಯನ್ನು ನಿರಪಾಯಕಾರಿಯೆನ್ನಲು ಹೇಗೆ ಸಾಧ್ಯ?

ಮೂರನೆಯ ಆಕ್ಷೇಪ ಹೃದಯಕ್ಕೆ ಹತ್ತಿರವಾದುದು: “ದುಃಖದಲ್ಲಿರುವವರಿಗೆ ಇದರಿಂದ ಸಮಾಧಾನ ಸಿಗುತ್ತದೆ. ಅದನ್ನೇಕೆ ಕಿತ್ತುಕೊಳ್ಳಬೇಕು?” ಮಗನನ್ನು ಕಳೆದುಕೊಂಡ ತಾಯಿ ಅವನು ಇಲ್ಲೇ ಎಲ್ಲೋ ಇದ್ದಾನೆಂದು ಭಾವಿಸಿದರೆ ಅವಳೊಡನೆ ತರ್ಕಕ್ಕೆ ನಿಲ್ಲುವವನು ಮನುಷ್ಯನೇ ಅಲ್ಲ. ಸಮಾಧಾನ ಬೇಕು. ಆದರೆ ಸಮಾಧಾನ ಕೊಡುವ ನಂಬಿಕೆಗೂ ಅಧೀನಮಾಡಿಕೊಳ್ಳುವ ನಂಬಿಕೆಗೂ ಭೇದವಿದೆ. ನಮ್ಮ ಪೂರ್ವಿಕರು ಗತಿಸಿದವರಿಗಾಗಿ ದಿನಕರ್ಮ, ಮಾಸಿಕ, ವರ್ಷಾಂತಿಕಗಳನ್ನು ವಿಧಿಸಿದರು. ಅದಕ್ಕೆ ಕಾಲದ ಕಟ್ಟಿದೆ, ಕ್ರಮವಿದೆ, ಕೊನೆಯಿದೆ. ಹತ್ತು ಜನರ ಎದುರಿಗೆ ನಡೆಯುವ ಬಹಿರಂಗತೆಯಿದೆ. ಅದು ದುಃಖಿತನನ್ನು ಮೆಲ್ಲನೆ ಲೋಕವ್ಯವಹಾರಕ್ಕೆ ಮರಳಿಸುತ್ತದೆ. ಮೈಮೇಲೆ ಬರುವ ‘ಹಿರಿಯರ’ ಮಾತಿಗೆ ಕೊನೆಯೂ ಇಲ್ಲ, ಎದುರಾಡುವ ಅವಕಾಶವೂ ಇಲ್ಲ. ಅದು ಗುಟ್ಟಿನಲ್ಲಿ ಬೆಳೆಯುತ್ತದೆ. ಬುರಾರಿಯಲ್ಲಿ ಬೆಳೆದದ್ದು ಹಾಗೆಯೇ.

ಸಿದ್ಧಾಂತದ ದೃಷ್ಟಿ

ಶ್ರೀಮದಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಅಂಗೀಕರಿಸಿದರು. ಅವುಗಳಿಗೆ ನಿರ್ದೋಷತ್ವವೆಂಬ ನಿಯಮವನ್ನಿಟ್ಟರು. ದೋಷವಿಲ್ಲದ ಇಂದ್ರಿಯ, ದೋಷವಿಲ್ಲದ ಯುಕ್ತಿ, ದೋಷವಿಲ್ಲದ ವಾಕ್ಯ, ಇವು ಮಾತ್ರ ಪ್ರಮಾಣ. ನಿದ್ದೆಗೆಟ್ಟ ಕಣ್ಣಿಗೆ ಕತ್ತಲೆಯಲ್ಲಿ ಕಂಡದ್ದು, ಭಯಗೊಂಡ ಮನಸ್ಸು ಊಹಿಸಿದ್ದು, ಹಣ ಪಡೆಯುವವನು ಹೇಳಿದ್ದು ಈ ಪರೀಕ್ಷೆಯಲ್ಲಿ ನಿಲ್ಲಲಾರವು. ಮುತ್ತಿನ ಚಿಪ್ಪು ಬೆಳ್ಳಿಯಂತೆ ತೋರಿದಾಗ ಹತ್ತಿರ ಹೋಗಿ ನೋಡಿ ಭ್ರಮೆಯನ್ನು ಬಾಧಿಸಿಕೊಳ್ಳಬೇಕೆಂದು ಹೇಳುವ ದರ್ಶನ ನಮ್ಮದು. ದೂರದಿಂದಲೇ ಕೈಮುಗಿಯಿರೆಂದು ಹೇಳುವುದಲ್ಲ.

ಇನ್ನೂ ಮುಖ್ಯವಾದುದು ಉಪಜೀವ್ಯದ ವಿಚಾರ. ಯಾವ ಪ್ರಮಾಣವನ್ನು ಆಶ್ರಯಿಸಿ ಇನ್ನೊಂದು ಪ್ರಮಾಣ ನಿಂತಿದೆಯೋ ಆ ಆಶ್ರಯಕ್ಕೆ ವಿರೋಧವಾಗಿ ಅದು ಅರ್ಥ ಕೊಡಲಾರದು. ಆದುದರಿಂದಲೇ ಪ್ರತ್ಯಕ್ಷಸಿದ್ಧವಾದ ಜಗತ್ತು ಮಿಥ್ಯೆಯೆಂದು ವೇದವಾಕ್ಯಕ್ಕೆ ಅರ್ಥ ಹೇಳಬಾರದೆಂದು ಆಚಾರ್ಯರು ವಾದಿಸಿದರು. ವೇದವಾಕ್ಯದ ಅರ್ಥನಿರ್ಣಯಕ್ಕೇ ಈ ಕಟ್ಟುಪಾಡು ಇರುವಾಗ, ದಾರಿಹೋಕ ಮಾಂತ್ರಿಕನ ವಾಕ್ಯಕ್ಕೆ ಅದು ಬೇಡವೆನ್ನುವುದು ಎಷ್ಟು ವಿಚಿತ್ರ! ಜಗತ್ತು ಸತ್ಯ, ಅದರ ಕಾರ್ಯಕಾರಣಭಾವ ಸತ್ಯ ಎಂದು ಒಪ್ಪಿದವರಿಗೆ ರೋಗದ ಕಾರಣವನ್ನು ಜಗತ್ತಿನಲ್ಲಿ ಹುಡುಕುವುದು ಧರ್ಮಕ್ಕೆ ಅನುಗುಣವಾದ ಕೆಲಸವೇ ಆಗಿದೆ.

ಎಲ್ಲಕ್ಕಿಂತ ಮಿಗಿಲಾಗಿ, ಸ್ವತಂತ್ರನಾದವನು ಶ್ರೀಹರಿಯೊಬ್ಬನೇ, ಉಳಿದುದೆಲ್ಲವೂ ಪರತಂತ್ರ. ಮುಂಜಾನೆ ಇದನ್ನು ಪಠಿಸಿ, ಸಂಜೆ ಹೊಸಿಲ ಬಳಿ ಬಿದ್ದ ಕುಂಕುಮ ಹಚ್ಚಿದ ನಿಂಬೆಹಣ್ಣಿಗೆ ನಡುಗುವವನು ತನಗರಿವಿಲ್ಲದೆಯೇ ಎರಡನೆಯ ಸ್ವತಂತ್ರಶಕ್ತಿಯೊಂದನ್ನು ಒಪ್ಪಿದಂತಾಯಿತು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಶ್ರದ್ಧೆಯನ್ನು ಮೂರು ಬಗೆಯಾಗಿ ವಿಂಗಡಿಸುವಾಗ ಭಗವಂತನು ಪ್ರೇತಭೂತಗಳ ಆರಾಧನೆಯನ್ನು ತಾಮಸದಲ್ಲಿ ಇರಿಸಿರುವುದು ಇಲ್ಲಿ ಸ್ಮರಣೀಯ. ಶ್ರದ್ಧೆ ಮನಸ್ಸಿಗೆ ಧೈರ್ಯವನ್ನೂ ವಿವೇಕವನ್ನೂ ಕೊಡುತ್ತದೆ. ಯಾವುದು ಅವೆರಡನ್ನೂ ಕಸಿದುಕೊಳ್ಳುತ್ತದೆಯೋ ಅದು ಶ್ರದ್ಧೆಯ ವೇಷ ಧರಿಸಿದ ಭೀತಿ.

ನಮ್ಮ ವೈದ್ಯಶಾಸ್ತ್ರವೂ ಈ ವಿವೇಕವನ್ನೇ ಬೋಧಿಸುತ್ತದೆ. ಉನ್ಮಾದದ ನಿದಾನವನ್ನು ಹೇಳುವಲ್ಲಿ ಚರಕಸಂಹಿತೆಯು, ತನ್ನಿಂದ ತಾನೇ ಕ್ಲೇಶಕ್ಕೊಳಗಾಗದವನನ್ನು ದೇವತೆಗಳಾಗಲಿ ಪಿಶಾಚರಾಗಲಿ ಪೀಡಿಸುವುದಿಲ್ಲವೆಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಿದೆ. ಪ್ರಜ್ಞಾಪರಾಧದಿಂದ ಬಂದ ರೋಗಕ್ಕೆ ದೇವತೆಗಳನ್ನೋ ಪಿತೃಗಳನ್ನೋ ರಾಕ್ಷಸರನ್ನೋ ದೂರಬಾರದೆಂದು ಎಚ್ಚರಿಸಿದೆ. ನಮ್ಮ ಅಜ್ಜಿಯರ ಮಾತಿನಲ್ಲಿ ‘ಬಾಣಂತಿ ಸನ್ನಿ’ ಎಂಬ ಹೆಸರಿದೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿಗೆ ನಿದ್ದೆ ತಪ್ಪಿ, ಮಾತು ಕೆಟ್ಟು, ಮಗುವನ್ನೇ ಶಂಕಿಸುವ ಸ್ಥಿತಿ ಅದು. ಸನ್ನಿಯೆಂದರೆ ಸನ್ನಿಪಾತ, ಅಂದರೆ ರೋಗ. ಓದು ಬಾರದ ಅಜ್ಜಿಯು ರೋಗವೆಂದು ಕರೆದುದನ್ನು ಪದವೀಧರರಾದ ನಾವು ಪೀಡೆಯೆಂದು ಕರೆಯುವುದು ಮುನ್ನಡೆಯೇ? ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುವ ಈ ರೋಗ ತಾಯಿಮಕ್ಕಳಿಬ್ಬರಿಗೂ ಅಪಾಯಕಾರಿ; ಆದರೆ ತಡಮಾಡದೆ ಚಿಕಿತ್ಸೆ ಕೊಡಿಸಿದರೆ ಬಹುತೇಕ ತಾಯಂದಿರು ಪೂರ್ಣವಾಗಿ ಗುಣಹೊಂದುತ್ತಾರೆ.

ಇಂಥ ಉದಾಹರಣೆಗಳು ಇನ್ನೂ ಇವೆ. ರಾತ್ರಿ ಎಚ್ಚರವಾದಾಗ ಎದೆಯ ಮೇಲೆ ಯಾರೋ ಕುಳಿತಂತಾಗಿ ಕೈಕಾಲು ಆಡದಿರುವುದುಂಟು. ಕನಸಿನ ನಿದ್ದೆಯಲ್ಲಿ ಸ್ನಾಯುಗಳು ಸಡಿಲಗೊಂಡಿರುತ್ತವೆ. ದೇಹಕ್ಕಿಂತ ಮೊದಲು ಮನಸ್ಸು ಎಚ್ಚೆತ್ತಾಗ ಕೆಲವು ಕ್ಷಣ ಹೀಗಾಗುತ್ತದೆ. ಚೆನ್ನಾಗಿದ್ದ ಯುವತಿ ಕೆಲವೇ ದಿನಗಳಲ್ಲಿ ಅಸಂಬದ್ಧವಾಗಿ ಮಾತನಾಡುತ್ತ, ಮೈ ಸೆಟೆದು, ಬೇರೆಯೇ ವ್ಯಕ್ತಿಯಂತಾಗುವ ಒಂದು ಮಿದುಳಿನ ಉರಿಯೂತವನ್ನು ವೈದ್ಯರು 2007ರಲ್ಲಿ ಗುರುತಿಸಿದರು. ದೇಹದ ರಕ್ಷಣಾಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುವ ಈ ರೋಗಕ್ಕೆ ಚಿಕಿತ್ಸೆಯಿದೆ. ಬೇಗ ಆರಂಭಿಸಿದಷ್ಟೂ ಫಲ ಹೆಚ್ಚು. ಇದು ತಿಳಿಯುವ ಮೊದಲು ಎಷ್ಟು ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳನ್ನು ಬೇವಿನ ಸೊಪ್ಪಿನಿಂದ ಬಡಿದರೋ, ಭಗವಂತನೇ ಬಲ್ಲ.

ಮನೆಗಳನ್ನು ಒಡೆಯುವ ಪ್ರಶ್ನೆ

ಹಾನಿಯೆಂದರೆ ಜೀವಹಾನಿ ಮಾತ್ರವಲ್ಲ. ಮಾಟವೆಂದು ನಂಬಿದೊಡನೆ ಏಳುವ ಪ್ರಶ್ನೆ “ಮಾಡಿಸಿದವರು ಯಾರು?” ಎಂಬುದು. ಪರಿಹಾರ ಹೇಳುವವನು ಜಾಣ, ಹೆಸರು ಹೇಳುವುದಿಲ್ಲ. “ನಿಮ್ಮ ಹತ್ತಿರದವರೇ, ನಿಮ್ಮ ಏಳಿಗೆ ಸಹಿಸದವರು” ಎನ್ನುತ್ತಾನೆ. ಅಷ್ಟು ಸಾಕು. ದಾಯಾದಿಗಳ ಮೇಲೋ, ನಾದಿನಿಯ ಮೇಲೋ, ಊರಿನಲ್ಲಿ ಒಂಟಿಯಾಗಿರುವ ವಿಧವೆ ಚಿಕ್ಕಮ್ಮನ ಮೇಲೋ ಸಂಶಯ ತಾನಾಗಿ ಹೋಗಿ ನಿಲ್ಲುತ್ತದೆ. ಹೊಸ ಸೊಸೆ ಬಂದ ಆರು ತಿಂಗಳಲ್ಲಿ ಮಾವನವರಿಗೆ ಹೃದಯಾಘಾತವಾದರೆ ಅವಳ ಕಾಲ್ಗುಣದ ಮಾತು ಹೊರಡುತ್ತದೆ; ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆಯ ಮಾತು ಹೊರಡುವುದಿಲ್ಲ. ಆರೋಪಕ್ಕೆ ಗುರಿಯಾದವಳು ತಾನು ನಿರ್ದೋಷಿಯೆಂದು ಸಾಧಿಸುವುದಾದರೂ ಹೇಗೆ? ಮಾಡದ ಕಳ್ಳತನವನ್ನು ಮಾಡಿಲ್ಲವೆಂದು ತೋರಿಸಬಹುದು. ಇಲ್ಲದ ಮಾಟವನ್ನು ಇಲ್ಲವೆಂದು ತೋರಿಸಲು ಯಾವ ಸಾಕ್ಷಿಯಿದೆ? ಉತ್ತರಿಸಲಾಗದ ಆರೋಪವನ್ನು ದುರ್ಬಲರ ಮೇಲೆ ಹೊರಿಸುವುದು ಹಿಂಸೆ. “ನಮ್ಮ ಗಂಟೇನು ಹೋಗುತ್ತದೆ” ಎನ್ನುವವರ ಗಂಟು ಹೋಗದಿರಬಹುದು. ಹೋಗುವುದು ಬಹುಪಾಲು ಬಾಯಿಲ್ಲದವರ ಗಂಟು. ನಂಬಿದವನೊಬ್ಬ, ಬೆಲೆ ತೆರುವವನು ಇನ್ನೊಬ್ಬನಾದುದರಿಂದಲೇ ಈ ಪ್ರಶ್ನೆ ಧರ್ಮದ ಪ್ರಶ್ನೆಯಾಗುತ್ತದೆ.

ಈ ವಿಷಯದಲ್ಲಿ ಕಾನೂನು ಮಾಡಿದರೆ ಧರ್ಮಕ್ಕೇ ಕುಂದೆಂಬ ಅಂಜಿಕೆ ಕೆಲವರಲ್ಲಿದೆ. ಮಹಾರಾಷ್ಟ್ರದಲ್ಲಿ ಇಂಥ ಕಾನೂನಿಗಾಗಿ ವರ್ಷಗಟ್ಟಲೆ ಶ್ರಮಿಸಿದ ಡಾ. ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅವರ ಎಲ್ಲ ಅಭಿಪ್ರಾಯಗಳೂ ನಮ್ಮವಾಗಬೇಕಿಲ್ಲ. ಆದರೆ ವಾದಕ್ಕೆ ಪ್ರತಿವಾದದಿಂದ ಉತ್ತರ ಕೊಡುವುದೇ ನಮ್ಮ ಪರಂಪರೆ. ಕೊಲೆ ಯಾವ ಸಿದ್ಧಾಂತವನ್ನೂ ಸಾಧಿಸದು. ಅದೇ ವರ್ಷ ಅಲ್ಲಿ ಕಾನೂನು ಬಂದಿತು. ಕರ್ನಾಟಕದ್ದು 2017ರ ಕಾನೂನು. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆ, ಪ್ರವಚನಗಳನ್ನು ಇವು ಮುಟ್ಟುವುದಿಲ್ಲ. ಹಾವು, ಚೇಳು, ನಾಯಿ ಕಚ್ಚಿದವನನ್ನು ವೈದ್ಯರ ಬಳಿಗೆ ಹೋಗದಂತೆ ತಡೆದು ಮಂತ್ರತಂತ್ರದಲ್ಲಿ ಕಾಲಹರಣ ಮಾಡಿಸುವುದನ್ನು, ಭೂತ ಬಿಡಿಸುವ ನೆಪದಲ್ಲಿ ಹೊಡೆದು ಬಡಿಯುವುದನ್ನು ಅಪರಾಧವೆನ್ನುತ್ತವೆ. ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಣಿಯಿಂದ ಬಂಧಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಕಾನೂನು ಹೇಳುತ್ತದೆ. ಇವುಗಳಲ್ಲಿ ಭಗವದ್ಭಕ್ತನಿಗೆ ಅಹಿತವಾದುದು ಯಾವುದು?

ನಗರವಾಸಿಗಳಾದ ನಮ್ಮ ಹೊಣೆ

ಊರಿನಲ್ಲಿ ತೊಂದರೆಯಾದಾಗ ಹತ್ತು ಮಂದಿ ಹಿರಿಯರು ಬಂದು ಹತ್ತು ಮಾತು ಹೇಳುತ್ತಿದ್ದರು. ನಗರದ ನಮ್ಮ ಮನೆಯಲ್ಲಿ ಬಾಗಿಲು ಹಾಕಿದರೆ ಪಕ್ಕದವರಿಗೂ ಸುದ್ದಿ ತಿಳಿಯದು. ಹೊರಗೆ ತಿಳಿದರೆ ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆ ಬೇರೆ. ಭಾಷೆ ಪೂರ್ಣವಾಗಿ ಬಾರದ ಊರಿನಲ್ಲಿ ಮನಸ್ಸಿನ ಸಂಕಟವನ್ನು ವೈದ್ಯರಿಗೆ ವಿವರಿಸುವ ಕಷ್ಟವೂ ಇದೆ. ಇಂಥ ಹೊತ್ತಿನಲ್ಲಿ ಲೋಕಲ್ ರೈಲಿನ ಗೋಡೆಗೆ ಅಂಟಿಸಿದ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಪರಿಹಾರವೆಂದು ಸಾರುವ ಬಾಬಾಗಳ ಚೀಟಿ ಕಣ್ಣಿಗೆ ಬೀಳುತ್ತದೆ. ಗುರುಗಳ ಹೆಸರನ್ನೇ ಹೇಳಿಕೊಂಡು ದಕ್ಷಿಣೆ ಕೇಳುವವರೂ ಎದುರಾಗುತ್ತಾರೆ. ಅಂಥವರಿಗೆ ನಮ್ಮ ಒಂಟಿತನವೇ ಬಂಡವಾಳ.

ಆದುದರಿಂದ ಇಂಥ ಮಾತು ಮನೆಗೆ ಬಂದಾಗ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದನ್ನು ನಂಬಿದರೆ ಚಿಕಿತ್ಸೆಗೆ ತಡವಾಗುತ್ತದೆಯೇ? ಇದನ್ನು ನಂಬಿದರೆ ಯಾರಾದರೊಬ್ಬರ ಮೇಲೆ ಅಪವಾದ ಬರುತ್ತದೆಯೇ? ಇದನ್ನು ಗುಟ್ಟಾಗಿಡಬೇಕು, ಪ್ರಶ್ನಿಸಬಾರದು ಎಂದು ನಮಗೆ ಹೇಳಲಾಗುತ್ತಿದೆಯೇ? ಮೂರರಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಆ ನಂಬಿಕೆಯನ್ನು ಹೊಸಿಲ ಹೊರಗೇ ನಿಲ್ಲಿಸಬೇಕು. ಪೂರ್ವಪಕ್ಷವನ್ನು ಸಹಿಸಲಾರದ ಮಾತು ಶಾಸ್ತ್ರವಲ್ಲ.

ಮನೆಯಲ್ಲಿ ಒಬ್ಬರ ಮಾತು, ನಿದ್ದೆ, ನಡತೆ ಬದಲಾದರೆ ಮೊದಲು ವೈದ್ಯರ ಬಳಿಗೆ ಹೋಗೋಣ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಖರ್ಚಿಲ್ಲದೆ ಸಲಹೆ ದೊರೆಯುತ್ತದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಜೊತೆಗೆ ಸೇವೆ, ಪಾರಾಯಣ, ಸಂಕಲ್ಪಗಳು ಅವಶ್ಯವಾಗಿ ನಡೆಯಲಿ. ಔಷಧಿಗೂ ಪ್ರಾರ್ಥನೆಗೂ ಜಗಳವಿಲ್ಲ. ಔಷಧಿಯಲ್ಲಿ ಗುಣವನ್ನಿಟ್ಟವನೂ ವೈದ್ಯನಿಗೆ ಬುದ್ಧಿಯನ್ನು ಪ್ರೇರಿಸುವವನೂ ಧನ್ವಂತರಿರೂಪಿಯಾದ ಅದೇ ಶ್ರೀಹರಿಯಲ್ಲವೇ? ಮನೆಯ ಮಂದಿ ಕೈಬಿಡದೆ ಪಕ್ಕದಲ್ಲಿ ಕುಳಿತು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟು, ಹೊತ್ತಿಗೆ ಸರಿಯಾಗಿ ಸ್ತೋತ್ರ ಹೇಳಿದರೆ ರೋಗಿಗೆ ಅದಕ್ಕಿಂತ ದೊಡ್ಡ ರಕ್ಷೆ ಬೇರೊಂದಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥